ಕಲಬುರಗಿಯಲ್ಲಿ ನಮ್ಮ ಬೇಳೆ ಮಿಲ್ ಇದೆ. ಹೆಂಗಸರಿಗೆ ಗಂಡಸರಿಗಿಂತ ಕಡಿಮೆ ಕೂಲಿ ಕೊಡಬಹುದಾ?

ಕೆಲಸ ಒಂದೇ ಥರದ್ದಾದರೆ ಕೊಡುವಂತಿಲ್ಲ. ‘ಊರಲ್ಲಿ ಎಲ್ಲ ಮಿಲ್‌ನವರೂ ಹಾಗೇ ಕೊಡ್ತಾರೆ’ ಅನ್ನೋ ಮಾತು ಕಾನೂನಿನ ಮುಂದೆ ನಡೆಯೋದಿಲ್ಲ.

ಇದು ಹೊಸ ನಿಯಮವೂ ಅಲ್ಲ. 1976ರ ಸಮಾನ ವೇತನ ಕಾಯ್ದೆಯಲ್ಲೇ ಇತ್ತು. ಈಗ ಅದರ ಜಾಗಕ್ಕೆ 2019ರ ವೇತನ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ.

ನೋಡಬೇಕಾದ್ದು ಕೆಲಸಕ್ಕೆ ಬೇಕಾದ ಕೌಶಲ, ಶ್ರಮ, ಅನುಭವ, ಹೊಣೆ. ತೊಗರಿ ಚೀಲ ಹೊತ್ತು ಲಾರಿಗೆ ತುಂಬುವ ಹಮಾಲರಿಗೆ ಜಾಸ್ತಿ ಕೊಟ್ಟರೆ ತಪ್ಪಿಲ್ಲ, ಅದು ಬೇರೆ ಕೆಲಸ. ಆದರೆ ಬೇಳೆ ಆರಿಸುವಲ್ಲಿ, ಪ್ಯಾಕಿಂಗ್‌ನಲ್ಲಿ ಇಬ್ಬರೂ ಇದ್ದರೆ ರೇಟ್ ಒಂದೇ ಇರಬೇಕು. ಗಂಡಸರನ್ನು ಹಾಜರಿ ಪುಸ್ತಕದಲ್ಲಿ ಸುಮ್ನೆ ‘ಆಪರೇಟರ್’ ಅಂತ ಬರೆದುಕೊಂಡರೆ ಆಗಲ್ಲ. ನಿಜವಾಗಿ ಮಾಡೋದೇನು ಅನ್ನೋದೇ ಲೆಕ್ಕ.

ಹಾಗಂತ ಗಂಡಸರ ಕೂಲಿ ಇಳಿಸಿ ಸಮ ಮಾಡೋ ಹಾಗಿಲ್ಲ! ಹೆಂಗಸರದ್ದೇ ಏರಿಸಬೇಕು. ‘ಲಾಭ ಇಲ್ಲ, ಕೈಲಾಗಲ್ಲ’ ಅನ್ನೋ ನೆಪವನ್ನು ಸುಪ್ರೀಂ ಕೋರ್ಟ್ 1987ರಲ್ಲೇ ಮ್ಯಾಕಿನನ್ ಮೆಕೆಂಜಿ ಕಂಪನಿಯ ಕೇಸಿನಲ್ಲಿ ತಳ್ಳಿಹಾಕಿದೆ. ಅಲ್ಲಿ ತಕರಾರು ಸ್ಟೆನೋಗ್ರಾಫರ್‌ಗಳ ಸಂಬಳದ್ದು.

ಕೆಲಸಕ್ಕೆ ತಗೊಳ್ಳುವಾಗಲೂ ಭೇದ ಮಾಡುವಂತಿಲ್ಲ. ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬಾಕಿ ಕೂಲಿಗೆ ಕೆಲಸಗಾರರು ಮೂರು ವರ್ಷದೊಳಗೆ ಅರ್ಜಿ ಹಾಕಬಹುದು, ಹಾಗಾಗಿ ಹಾಜರಿ ಮತ್ತು ಕೂಲಿ ಪುಸ್ತಕ ಸರಿಯಾಗಿ ಇಟ್ಟುಕೊಳ್ಳಿ.