ಕಾಣದ ನ್ಯೂಟ್ರಿನೊಗಳ ಲೆಕ್ಕ ಏಕೆ ಬೇಕು?

ಪ್ರಶ್ನೆ: ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ (ವಿದ್ಯುದಾವೇಶವಿಲ್ಲದ, ಬಹಳ ಹಗುರವಾದ ಕಣಗಳ) ಪೈಕಿ ಭಾರವಾದ ಕ್ವಾರ್ಕ್‌ಗಳಿಂದ (ಪ್ರೋಟಾನ್‌ನಂಥ ಕಣಗಳ ಒಳಗಿನ ಮೂಲಕಣಗಳ ಪೈಕಿ ಭಾರದವುಗಳಿಂದ) ಬರುವ ಪಾಲು ಇನ್ನೂ ಪ್ರತ್ಯೇಕವಾಗಿ ಪತ್ತೆಯಾಗಿಲ್ಲವೆಂದು ಓದಿದೆ. ಹಾಗಿದ್ದರೂ ಅದನ್ನು ಲೆಕ್ಕ ಹಾಕುವುದೇಕೆ? ಆ ಲೆಕ್ಕಗಳು ಒಂದಕ್ಕೊಂದು ತಾಳೆಯಾಗದಿರುವುದೇಕೆ?

ಉತ್ತರ: ಬಾಹ್ಯಾಕಾಶದಿಂದ ಬರುವ ಅಧಿಕ ಶಕ್ತಿಯ ಕಣಗಳಾದ ವಿಶ್ವಕಿರಣಗಳು ಗಾಳಿಯ ಸಾರಜನಕ, ಆಮ್ಲಜನಕಗಳ ನ್ಯೂಕ್ಲಿಯಸ್‌ಗಳಿಗೆ ಬಡಿದಾಗ ಹೆಚ್ಚಾಗಿ ಹುಟ್ಟುವುದು ಪಯಾನ್ ಮತ್ತು ಕೇಯಾನ್ ಎಂಬ ಅಲ್ಪಾಯುಷಿ ಕಣಗಳು. ವಿದ್ಯುದಾವೇಶವುಳ್ಳ ಪಯಾನ್‌ನ ಸರಾಸರಿ ಆಯುಷ್ಯ 26 ನ್ಯಾನೊಸೆಕೆಂಡ್. ಶಕ್ತಿ ಏರಿದಷ್ಟೂ ಸಾಪೇಕ್ಷತೆಯ ನಿಯಮದಂತೆ ಈ ಆಯುಷ್ಯ ಹಿಗ್ಗುವುದರಿಂದ, ನೂರು ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗಳನ್ನು ಬಹಳವಾಗಿ ಮೀರಿದ ಪಯಾನ್, ಕ್ಷಯಿಸಿ ನ್ಯೂಟ್ರಿನೊ ಕೊಡುವ ಮೊದಲೇ ಮತ್ತೊಂದು ನ್ಯೂಕ್ಲಿಯಸ್‌ಗೆ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ಚಾರ್ಮ್ ಎಂಬ ಭಾರವಾದ ಕ್ವಾರ್ಕ್ ಹೊತ್ತ ಡಿ ಮೆಸಾನ್ ಎಂಬ ಕಣಗಳಾದರೋ ಒಂದು ಪಿಕೊಸೆಕೆಂಡಿನ (ನ್ಯಾನೊಸೆಕೆಂಡಿನ ಸಾವಿರದಲ್ಲೊಂದು ಪಾಲು) ಆಸುಪಾಸಿನಲ್ಲೇ ಕ್ಷಯಿಸುತ್ತವೆ. ಅವು ಹುಟ್ಟುವುದು ಅಪರೂಪವಾದರೂ ಡಿಕ್ಕಿಯಲ್ಲಿ ನಷ್ಟವಾಗುವುದು ಇನ್ನೂ ಅಪರೂಪ. ಆದ್ದರಿಂದ ಶಕ್ತಿ ಏರಿದಂತೆ ಪಯಾನ್, ಕೇಯಾನ್‌ಗಳ ನ್ಯೂಟ್ರಿನೊಗಳು ಕಡಿದಾಗಿ ಕ್ಷೀಣಿಸುತ್ತವೆ. ಚಾರ್ಮ್‌ನಿಂದ ಬಂದವು ನಿಧಾನವಾಗಿ ಇಳಿದು, ಒಂದು ಹಂತದಲ್ಲಿ ಮೇಲುಗೈ ಪಡೆಯಬೇಕು. ಇವು ಎಲ್ಲ ದಿಕ್ಕುಗಳಿಂದಲೂ ಸರಿಸುಮಾರು ಸಮನಾಗಿ ಬರುತ್ತವೆ.

ಲೆಕ್ಕದ ಅಗತ್ಯ ಹುಟ್ಟುವುದು ಇಲ್ಲಿಯೇ. ದಕ್ಷಿಣ ಧ್ರುವದ ಹಿಮದೊಳಗೆ ಒಂದು ಘನ ಕಿಲೋಮೀಟರ್ ವ್ಯಾಪಿಸಿರುವ ಐಸ್‌ಕ್ಯೂಬ್ ಎಂಬ ನ್ಯೂಟ್ರಿನೊ ಪತ್ತೆ ಉಪಕರಣ 2013ರಲ್ಲಿ ವರದಿ ಮಾಡಿದ ಬಾಹ್ಯಾಕಾಶದ ನ್ಯೂಟ್ರಿನೊಗಳೂ ಎಲ್ಲ ದಿಕ್ಕುಗಳಿಂದ ಬರುತ್ತವೆ, ಅವುಗಳ ಇಳಿತವೂ ನಿಧಾನವೇ. ಹೀಗಾಗಿ ಚಾರ್ಮ್‌ನ ಪಾಲನ್ನು ತಪ್ಪಾಗಿ ಊಹಿಸಿದರೆ, ದೂರದ ಆಕರಗಳ ಬಗ್ಗೆ ನಾವು ತೆಗೆಯುವ ತೀರ್ಮಾನವೂ ವಾಲುತ್ತದೆ. ಐಸ್‌ಕ್ಯೂಬ್ ಈವರೆಗೆ ಆ ಪಾಲಿಗೆ ಮೇಲ್ಮಿತಿಯನ್ನಷ್ಟೇ ಹಾಕಿದೆ. ಆದರೆ ಆ ಮೇಲ್ಮಿತಿಯೇ ಕೆಲವು ದೊಡ್ಡ ಅಂದಾಜುಗಳನ್ನು ಬದಿಗೆ ಸರಿಸಿದೆ ಎಂಬುದು ಸಣ್ಣ ಸಾಧನೆಯಲ್ಲ.

ಇನ್ನು ಲೆಕ್ಕಗಳ ಭಿನ್ನತೆ. ಚಾರ್ಮ್ ಕ್ವಾರ್ಕ್‌ನ ದ್ರವ್ಯರಾಶಿ ಸುಮಾರು 1.3 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಮಾತ್ರ. ಈ ಮಟ್ಟದಲ್ಲಿ ಕ್ವಾರ್ಕ್‌ಗಳನ್ನು ಹಿಡಿದಿಡುವ ಪ್ರಬಲ ಬಲ ಸಾಕಷ್ಟು ಜೋರಾಗಿಯೇ ಇರುವುದರಿಂದ, ಹಂತಹಂತವಾಗಿ ತಿದ್ದುಪಡಿ ಸೇರಿಸುತ್ತ ಹೋಗುವ ಗಣಿತ ವಿಧಾನದಲ್ಲಿ ಬಿಟ್ಟುಹೋದ ಪದಗಳು ಚಿಕ್ಕವೆಂದು ಹೇಳಲಾಗದು. ಅದಕ್ಕಿಂತ ಕಠಿಣವಾದದ್ದು, ಈ ಬಲವನ್ನು ಹೊತ್ತು ಕ್ವಾರ್ಕ್‌ಗಳನ್ನು ಬೆಸೆಯುವ ಕಣಗಳಾದ ಗ್ಲುವಾನ್‌ಗಳ ವಿಷಯ. ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕಣದ ಜೋಡಿ ಹೆಚ್ಚಾಗಿ ಎರಡು ಗ್ಲುವಾನ್‌ಗಳ ಘರ್ಷಣೆಯಿಂದ ಹುಟ್ಟುತ್ತದೆ. ನಮಗೆ ಬೇಕಾದ ಶಕ್ತಿಗಳಲ್ಲಿ ಗಾಳಿಯ ನ್ಯೂಕ್ಲಿಯಸ್‌ನಿಂದ ಬರುವ ಗ್ಲುವಾನ್ ತನ್ನ ಪ್ರೋಟಾನ್‌ನ ಸಂವೇಗದಲ್ಲಿ ಲಕ್ಷದಲ್ಲೊಂದು ಪಾಲನ್ನು ಅಥವಾ ಅದಕ್ಕೂ ಕಡಿಮೆಯನ್ನು ಹೊತ್ತಿರುತ್ತದೆ. ಅಂತಹ ಗ್ಲುವಾನ್‌ಗಳ ಸಂಖ್ಯೆಯನ್ನು ನೇರವಾಗಿ ಅಳೆದ ಪ್ರಯೋಗಗಳು ವಿರಳ. ಇದರ ಮೇಲೆ ವಿಶ್ವಕಿರಣಗಳ ಸಂಯೋಜನೆಯ ಸಂದೇಹವೂ ಇದೆ: ಒಂಟಿ ಪ್ರೋಟಾನ್‌ನ ಬದಲು ಅದೇ ಒಟ್ಟು ಶಕ್ತಿಯ ಹೀಲಿಯಂ ನ್ಯೂಕ್ಲಿಯಸ್ ಬಂದರೆ ಅದರ ನಾಲ್ಕು ನ್ಯೂಕ್ಲಿಯಾನ್‌ಗಳಿಗೆ (ಪ್ರೋಟಾನ್, ನ್ಯೂಟ್ರಾನ್‌ಗಳಿಗೆ) ತಲಾ ಕಾಲುಭಾಗವಷ್ಟೇ ದಕ್ಕುವುದರಿಂದ ನ್ಯೂಟ್ರಿನೊಗಳ ಲೆಕ್ಕವೇ ಬದಲಾಗುತ್ತದೆ.

ಪ್ರೋಟಾನ್‌ಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್‌ನ 13 ಟೆರಾ ಎಲೆಕ್ಟ್ರಾನ್‌ವೋಲ್ಟ್ ಘರ್ಷಣೆ, ನಿಶ್ಚಲ ಪ್ರೋಟಾನ್‌ಗೆ 90 ಪೆಟಾ ಎಲೆಕ್ಟ್ರಾನ್‌ವೋಲ್ಟ್‌ನ ವಿಶ್ವಕಿರಣ ಬಡಿದುದಕ್ಕೆ ಸಮ. ಅಲ್ಲಿನ ಎಲ್‌ಎಚ್‌ಸಿಬಿ ಎಂಬ ಪತ್ತೆ ಉಪಕರಣ ಅಳೆದ ಡಿ ಮೆಸಾನ್‌ಗಳ ಪ್ರಮಾಣ ಈಚಿನ ಲೆಕ್ಕಗಳನ್ನು ಬಿಗಿಗೊಳಿಸಿದೆ. ಆದರೂ ವಾಯುಮಂಡಲದ ನ್ಯೂಟ್ರಿನೊಗಳಿಗೆ ಮುಖ್ಯವಾಗುವ ಚಾರ್ಮ್‌ನ ಹೆಚ್ಚಿನ ಪಾಲು ಎಲ್‌ಎಚ್‌ಸಿಬಿಯ ಕಣ್ಣಿಗೂ ಬೀಳದಷ್ಟು ಪ್ರೋಟಾನ್‌ಗಳ ಪುಂಜಕ್ಕೆ ಹತ್ತಿರದ ದಿಕ್ಕಿನಲ್ಲಿ ಹೊರಟುಹೋಗುತ್ತದೆ. ಆ ದಿಕ್ಕಿನಲ್ಲೇ, ಘರ್ಷಣಾ ಬಿಂದುವಿನಿಂದ 480 ಮೀಟರ್ ದೂರದಲ್ಲಿರುವ ಫೇಸರ್ ಎಂಬ ಉಪಕರಣ 2023ರಲ್ಲಿ ಕೊಲೈಡರ್‌ನ ನ್ಯೂಟ್ರಿನೊಗಳನ್ನು ಪತ್ತೆಹಚ್ಚಿತು. ಅವುಗಳಲ್ಲಿ ಚಾರ್ಮ್‌ನಿಂದ ಬಂದವನ್ನು ಬೇರ್ಪಡಿಸಿ ಎಣಿಸಲು ಸಾಧ್ಯವಾದರೆ, ಇಂದು ಊಹೆಯ ಮೇಲೆ ನಿಂತಿರುವ ಗ್ಲುವಾನ್ ಸಂಖ್ಯೆಗೆ ಪ್ರಯೋಗದ ಆಧಾರ ದೊರೆಯುತ್ತದೆ. ಅಲ್ಲಿಯವರೆಗೆ, ಒಂದೇ ರೇಖೆಯನ್ನು ಎಳೆದು ತೋರಿಸುವ ಲೆಕ್ಕಕ್ಕಿಂತ, ತನ್ನ ಅನಿಶ್ಚಿತತೆಯ ವ್ಯಾಪ್ತಿಯನ್ನೂ ಜೊತೆಗೇ ಕೊಡುವ ಲೆಕ್ಕವನ್ನು ತಾವು ಹೆಚ್ಚು ನಂಬಬಹುದು.