ಸಂಪಾದಕರ ಉತ್ತರ: ಮನೆಯ ತರಬೇತುದಾರನಿಗೆ ಸಿಗದ ಕಾಲಾವಕಾಶ

ಥಾಯ್ಲೆಂಡ್ ಫುಟ್‌ಬಾಲ್ ತಂಡದ ಆಟಗಾರನೂ ತರಬೇತುದಾರನೂ ಆಗಿದ್ದ ಕಿಯಾಟಿಸುಕ್ ಸೇನಾಮುವಾಂಗ್ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ದಾವಣಗೆರೆಯ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ. ಒಳ್ಳೆಯ ಆಟಗಾರ ಒಳ್ಳೆಯ ತರಬೇತುದಾರನಾಗಬೇಕೆಂದೇನೂ ಇಲ್ಲ, ಆಗ್ನೇಯ ಏಷ್ಯಾದ ಆಚೆ ಅವರು ಗೆದ್ದದ್ದೇನು, ವಿದೇಶಿ ತರಬೇತುದಾರನನ್ನು ಕರೆತಂದದ್ದೇ ಸರಿ ಎಂಬುದು ಅವರ ವಾದ.

ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 2018ರ ವಿಶ್ವಕಪ್ಪಿನ ಏಷ್ಯಾ ಅರ್ಹತಾ ಪಂದ್ಯಗಳ ಅಂತಿಮ ಹಂತದಲ್ಲಿ ಕಿಯಾಟಿಸುಕ್ ತಂಡ ಏಳು ಪಂದ್ಯಗಳಿಂದ ಗಳಿಸಿದ್ದು ಒಂದೇ ಅಂಕ. 2017ರ ಮಾರ್ಚ್‌ನಲ್ಲಿ ಸೈತಾಮಾದಲ್ಲಿ ಜಪಾನ್ ಎದುರು 0–4ರಿಂದ ಸೋತ ಬೆನ್ನಲ್ಲೇ ಅವರು ರಾಜೀನಾಮೆ ಕೊಟ್ಟರು. ಆದರೆ ಪತ್ರ ಬರೆದವರು ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದ್ದಾರೆ. ನನ್ನ ತಕರಾರು ಇರುವುದೇ ಅದಕ್ಕೆ. ನಂತರ ಬಂದ ಸರ್ಬಿಯಾದ ಮಿಲೊವಾನ್ ರಾಜೆವಾಚ್ ಅವರಿಗೂ ಉಳಿದ ಮೂರು ಪಂದ್ಯಗಳಲ್ಲಿ ದಕ್ಕಿದ್ದು ಒಂದೇ ಅಂಕ. 2019ರ ಏಷ್ಯಾ ಕಪ್ಪಿನಲ್ಲಿ ಅಬುಧಾಬಿಯಲ್ಲಿ ಭಾರತ ಥಾಯ್ಲೆಂಡನ್ನು 4–1ರಿಂದ ಮಣಿಸಿತು. ಅಂದು ಎರಡು ಗೋಲು ಹೊಡೆದವರು ನಮ್ಮ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ. ಆ ಸೋಲಿನೊಂದಿಗೆ ರಾಜೆವಾಚ್ ಅವರ ಕೆಲಸವೂ ಹೋಯಿತು.

ಉದೋನ್ ಥಾನಿಯಲ್ಲಿ 1973ರಲ್ಲಿ ಹುಟ್ಟಿದ, ಥಾಯ್ ಜನ 'ಝೀಕೊ' ಎಂದೇ ಕರೆಯುವ ಈ ಮನುಷ್ಯ ಏನು ಕಟ್ಟಿದರೆಂಬುದನ್ನೂ ನೋಡೋಣ. ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಕ್ಲಬ್ ಸೇರಿಯೂ ಮೊದಲ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಮರಳಿದವರು, ವಿಯೆಟ್ನಾಂಗೆ ಹೋಗಿ ಹೊವಾಂಗ್ ಆನ್ ಜಾ ಲಾಯ್ ಕ್ಲಬ್ಬಿನೊಂದಿಗೆ 2003 ಮತ್ತು 2004ರ ಲೀಗ್ ಗೆದ್ದರು. 2002ರಿಂದ ಆಗ್ನೇಯ ಏಷ್ಯಾದ ಕಪ್ಪನ್ನೇ ಕಾಣದಿದ್ದ ಥಾಯ್ಲೆಂಡಿಗೆ, ಬಹುಪಾಲು ಎಳೆಯ ಹುಡುಗರನ್ನೇ ನೆಚ್ಚಿಕೊಂಡು, 2014ರಲ್ಲಿ ಅದನ್ನು ಗೆದ್ದುಕೊಟ್ಟರು. ಆಟಗಾರನಾಗಿಯೂ ತರಬೇತುದಾರನಾಗಿಯೂ ಆ ಕಪ್ ಎತ್ತಿದವರಲ್ಲಿ ಅವರೇ ಮೊದಲಿಗರು.

ಎರಡು ಪಂದ್ಯಗಳ ಒಟ್ಟು ಗೋಲುಗಳಿಂದ ತೀರ್ಮಾನವಾಗುವ ಆ ಫೈನಲ್ಲಿನ ಎರಡನೆಯ ಪಂದ್ಯವನ್ನು ಓದುಗ ಮಿತ್ರರು ಒಮ್ಮೆ ನೋಡಲೇಬೇಕು. ಬ್ಯಾಂಕಾಕಿನಲ್ಲಿ 2–0ರಿಂದ ಗೆದ್ದು ಕ್ವಾಲಾಲಂಪುರದ ಬುಕಿತ್ ಜಲೀಲ್ ಕ್ರೀಡಾಂಗಣಕ್ಕೆ ಹೋದ ತಂಡ, ಅಲ್ಲಿ ಮಲೇಷ್ಯಾಕ್ಕೆ ಮೂರು ಗೋಲು ಬಿಟ್ಟುಕೊಟ್ಟಿತು. ಗೆದ್ದ ಕಪ್ ಕೈಜಾರುತ್ತಿದ್ದರೂ ಹುಡುಗರು ಚೆಂಡನ್ನು ಕಂಗಾಲಾಗಿ ಎತ್ತೆಸೆಯದೆ, ಕಲಿತಂತೆಯೇ ಚಿಕ್ಕ ಚಿಕ್ಕ ಪಾಸುಗಳಲ್ಲಿ ಆಡುತ್ತ ಹೋದರು. 82ನೆಯ ನಿಮಿಷದಲ್ಲಿ ಚಾರಿಲ್ ಶಾಪ್ವಿ, ಐದು ನಿಮಿಷದ ಬಳಿಕ ಪುಟ್ಟ ಆಳಿನ ಚನಾತಿಪ್ ಗೋಲು ಹೊಡೆದರು. ಆ ಧೈರ್ಯ ಒಂದು ದಿನದ ಶಿಬಿರದಲ್ಲಿ ಬರುವುದಿಲ್ಲ. ಭಾಷೆ, ಊಟ, ಸಿಟ್ಟು ಎಲ್ಲವನ್ನೂ ಬಲ್ಲ ತಮ್ಮವನೊಬ್ಬ ಜೊತೆಗಿದ್ದು ಕಲಿಸಿದಾಗ ಬರುತ್ತದೆಂದೇ ನಾನು ನಂಬಿದ್ದೇನೆ.

ಹೊರಗಿನವನು ಸೋತರೆ ಆಟಗಾರರು ಸಾಲದು ಎನ್ನುತ್ತೇವೆ, ನಮ್ಮವನು ಸೋತರೆ ಅವನೇ ಸಾಲದು ಎನ್ನುತ್ತೇವೆ. ಭಾರತಕ್ಕೆ 1951ರಲ್ಲೂ 1962ರಲ್ಲೂ ಏಷ್ಯನ್ ಕ್ರೀಡಾಕೂಟದ ಚಿನ್ನ ತಂದಿತ್ತ ತರಬೇತುದಾರ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಎಂಬುದನ್ನು ಮರೆತ ನಾವು, 2025ರಲ್ಲಿ ಖಾಲಿದ್ ಜಮೀಲ್ ನೇಮಕವಾಗುವ ತನಕ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಪರದೇಶದವರನ್ನೇ ನೆಚ್ಚಿ ಕೂತಿದ್ದೆವು. ಪತ್ರ ಬರೆದವರು ಆಟವನ್ನು ಚೆನ್ನಾಗಿ ಬಲ್ಲವರೆಂಬುದು ಅವರ ಬರಹದಿಂದಲೇ ತಿಳಿಯುತ್ತದೆ. ಹಾಗಾಗಿ ಜಮೀಲ್ ಅವರ ಸೋಲುಗಳನ್ನು ಎಣಿಸುವಾಗ, ಅವರಿಗಿಂತ ಹಿಂದಿನವರ ಸೋಲುಗಳನ್ನೂ ಅದೇ ಹಾಳೆಯಲ್ಲಿ ಬರೆದುಕೊಂಡು ನಮಗೆ ಕಳಿಸಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.