ಏಟ್ರಿಯಲ್ ಫಿಬ್ರಿಲೇಶನ್ ಇರುವ ತಂದೆಯನ್ನು ನವೆಂಬರ್‌ನಲ್ಲಿ ದೆಹಲಿಗೆ ಕಳಿಸಬಹುದೇ?

ತಂದೆಯವರಿಗೆ ಆಗಾಗ ಎದೆಬಡಿತದ ಲಯ ತಪ್ಪುತ್ತದೆ, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ, ನವೆಂಬರ್ ಪೂರ್ತಿ ದೆಹಲಿಯ ಮಗಳ ಮನೆಯಲ್ಲಿರಬೇಕೆಂದಿದ್ದಾರೆ, ಅಲ್ಲಿನ ಹೊಗೆಯಿಂದ ತೊಂದರೆಯಾದೀತೇ ಎಂದು ಕೇಳಿದ್ದೀರಿ. ಆಗಬಹುದು. ಮಾರ್ಚ್‌ಗೆ ಮುಂದೂಡಲು ಸಾಧ್ಯವಿದ್ದರೆ ಮುಂದೂಡಿ ಎಂದೇ ನನ್ನ ಸಲಹೆ.

ಪಿಎಂ 2.5 ಎಂಬ ಗಾಳಿಯಲ್ಲಿನ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ತುದಿಯವರೆಗೂ ಇಳಿದು ಉರಿಯೂತ ಎಬ್ಬಿಸುತ್ತವೆ, ಹೃದಯದ ಬಡಿತವನ್ನು ಏರಿಳಿಸುವ ನರಗಳ ಹತೋಟಿ ಕೆಡಿಸುತ್ತವೆ. ಇದಕ್ಕೆ ವರ್ಷಗಟ್ಟಲೆ ಹೊಗೆ ಕುಡಿಯಬೇಕಿಲ್ಲ. ಬಾಸ್ಟನ್‌ನಲ್ಲಿ ಐಸಿಡಿ (ಎದೆಬಡಿತದ ಲಯ ಗಮನಿಸಿ ಸರಿಪಡಿಸುವ, ಮೈಯೊಳಗಿನ ಪುಟ್ಟ ಯಂತ್ರ) ಹಾಕಿಸಿಕೊಂಡವರ ಯಂತ್ರದ ದಾಖಲೆ ಪರಿಶೀಲಿಸಿದ 2013ರ ಅಧ್ಯಯನದಲ್ಲಿ, ಲಯ ತಪ್ಪುವ ಮುಂಚಿನ ಕೆಲವೇ ಗಂಟೆಗಳಲ್ಲಿ ಪಿಎಂ 2.5 ಏರಿದ್ದಕ್ಕೂ ಅದಕ್ಕೂ ನಂಟು ಕಂಡಿತ್ತು. ಬಾಸ್ಟನ್‌ನ ಗಾಳಿ ದೆಹಲಿಯದ್ದಕ್ಕಿಂತ ಎಷ್ಟೋ ಪಾಲು ಶುದ್ಧ. ನಮ್ಮ ಸರ್ಕಾರಿ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ಹಿಂದಿನ 24 ಗಂಟೆಗಳ ಸರಾಸರಿ. ಹೊರಗೆ ಹೋಗುವ ಮುನ್ನ ಆ ಗಂಟೆಯ ಪಿಎಂ 2.5 ನೋಡಿ.

ಚಳಿಗೆ ರಕ್ತನಾಳ ಬಿಗಿದು ಬಿಪಿಯೂ ಏರುತ್ತದೆ. ಬೆಳಗಿನ ಜಾವ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡಿರುವುದರಿಂದ ಹೊಗೆ ಮೇಲೇಳುವುದಿಲ್ಲ. ಹಿರಿಯರು ಮಫ್ಲರ್ ಸುತ್ತಿಕೊಂಡು ವಾಕಿಂಗ್ ಹೊರಡುವುದು ಸರಿಯಾಗಿ ಅದೇ ಹೊತ್ತಿಗೆ! ಮಧ್ಯಾಹ್ನ ಒಂದರಿಂದ ನಾಲ್ಕರೊಳಗೆ ಹೋಗಲಿ. ಮಬ್ಬು ದಟ್ಟವಾಗಿದ್ದರೆ ಮನೆಯೊಳಗೇ ನಡೆಯಲಿ. ಬಟ್ಟೆ ಮಾಸ್ಕ್, ಮಫ್ಲರ್ ಈ ಕಣಗಳನ್ನು ಸರಿಯಾಗಿ ತಡೆಯುವುದಿಲ್ಲ. ಎನ್95 ಬೇಕು, ಅದೂ ಮೂಗಿನ ಪಕ್ಕ ಸಂದಿಯಿಲ್ಲದಂತೆ ಕೂರಬೇಕು. ಉಸಿರು ಕಟ್ಟಿದಂತಾದರೆ ತೆಗೆದು ಒಳಗೆ ಬರಲಿ.

ಮಲಗುವ ಕೋಣೆ 12 ಅಡಿಗೆ 10 ಅಡಿ, ಎತ್ತರವೂ 10 ಅಡಿ ಇದ್ದರೆ, ಗಂಟೆಗೆ ಐದು ಸಲ ಗಾಳಿ ಸೋಸಲು ಸಿಎಡಿಆರ್ (ಯಂತ್ರ ಸೋಸಿ ಕೊಡುವ ಶುದ್ಧ ಗಾಳಿಯ ಪ್ರಮಾಣ) ಗಂಟೆಗೆ 170 ಘನ ಮೀಟರ್‌ಗಿಂತ ಹೆಚ್ಚಿರುವ, ಹೆಪಾ ಎಂಬ ಸೂಕ್ಷ್ಮ ಫಿಲ್ಟರ್‌ನ ಪ್ಯೂರಿಫೈಯರ್ ಸಾಕು. ಅದರ ಪಕ್ಕದಲ್ಲೇ ಊದುಬತ್ತಿ, ಸೊಳ್ಳೆ ಬತ್ತಿ ಹಚ್ಚಿದರೆ ಕರೆಂಟ್ ದಂಡ. ಇದ್ದಿಲ ಅಗ್ಗಿಷ್ಟಿಕೆಯಂತೂ ಕೋಣೆಯೊಳಗೆ ಬೇಡವೇ ಬೇಡ; ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಕಸಿಯುತ್ತದೆ.

ಮೆಡಿಕಲ್ ಶಾಪ್‌ನಿಂದ ನೆಗಡಿ ಮಾತ್ರೆ ತಂದರೆ ಪೊಟ್ಟಣದ ಹಿಂಬದಿಯ ಔಷಧಗಳ ಪಟ್ಟಿ ಓದಿ. ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್ ಇದ್ದರೆ ಕೊಡಬೇಡಿ. ಬಿಪಿ ಏರಿಸಿ ಲಯವನ್ನೂ ಕೆಡಿಸಬಲ್ಲವು.

ಯಾರೂ ಎಣಿಸದ ಇನ್ನೊಂದು ವಿಷಯ ಊಟ. ಚಳಿಗಾಲದಲ್ಲಿ ಅಲ್ಲಿ ಸಾಸಿವೆ ಸೊಪ್ಪು, ಪಾಲಕ್, ಮೆಂತ್ಯ ಯಥೇಚ್ಛ. ಅವುಗಳ ವಿಟಮಿನ್ ಕೆಯಿಂದ ವಾರ್ಫರಿನ್‌ನ ಪ್ರಭಾವ ತಗ್ಗಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) ಇಳಿಯುತ್ತದೆ. ಸೊಪ್ಪು ಬಿಡಬೇಕಿಲ್ಲ, ಊರಿನಲ್ಲಿ ತಿನ್ನುತ್ತಿದ್ದಷ್ಟೇ ತಿನ್ನಲಿ. ತಲುಪಿದ ವಾರದೊಳಗೆ ಐಎನ್‌ಆರ್ ಮಾಡಿಸಿ.

ದಿನಕ್ಕೆರಡು ಸಲ ಮಣಿಕಟ್ಟಿನ ನಾಡಿಯನ್ನು ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಲಯ ತಪ್ಪಿದ ನಾಡಿಗೆ ಹೊಂದದು. ಕುಳಿತಿದ್ದಾಗಲೂ 120 ದಾಟಿ ಇಳಿಯದಿದ್ದರೆ, ಎದೆನೋವು, ತಲೆಸುತ್ತಿ ಬೀಳುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ. ಮುಖ ಓರೆಯಾದರೆ, ಮಾತು ತೊದಲಿದರೆ ಪಾರ್ಶ್ವವಾಯು ಇರಬಹುದು; ಕೂಡಲೇ ಆಸ್ಪತ್ರೆಗೆ ಹೊರಡಿ, ಅದು ಶುರುವಾದ ಗಂಟೆ ಬರೆದಿಟ್ಟುಕೊಳ್ಳಿ: ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬಹುದೇ ಎಂಬ ತೀರ್ಮಾನಕ್ಕೆ ಆ ಹೊತ್ತೂ ಐಎನ್‌ಆರ್ ಕೂಡ ಬೇಕು.